ಹನುಮತ್ತೆಯ ಗರಗರ ಗಾಡಿ

"ಬಚ್ಚಿಡ್ರೋ! ಗಾಡಿ ಬಚ್ಚಿಡ್ರೋ ಬೇಗ!"

ಹೊಂಗೆ ಮರದ ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಹನುಮತ್ತೆ ತಾನು ಕೂತಿದ್ದ ಪುಟ್ಟ ಹಲಗೆ ಗಾಡಿ ನಿಲ್ಲಿಸಿದಳು. ಪಕ್ಕದಲ್ಲಿದ್ದ ತಮ್ಮನೂ, ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದ ಅವನ ಮಗಳು ಮುತ್ತಿಯೂ ನಿಂತರು.

ಮರದ ಮರೆಯಿಂದ ಒಂದು ತಲೆ ಇಣುಕಿತು. ಬಿಳಿ ಮೀಸೆ, ಕೆಂಪು ಟವೆಲ್ಲು. ಜಾವಗಲ್ಲಿನ ಕರಿಯಯ್ಯ. ಅವನ ಎಡಗಾಲು ಮೊಣಕಾಲಿನವರೆಗೆ ಮಾತ್ರ ಇತ್ತು. ಕಂಕುಳಲ್ಲಿ ಯಾವಾಗಲೂ ಇರುತ್ತಿದ್ದ ಎರಡು ಊರುಗೋಲು ಇವತ್ತು ಇರಲಿಲ್ಲ. ಮರ ತಬ್ಬಿಕೊಂಡು ಒಂಟಿಕಾಲ ಕೊಕ್ಕರೆಯ ಹಾಗೆ ನಿಂತಿದ್ದ.

"ಯಾಕಣ್ಣ? ಕೋಲೆಲ್ಲಿ?" ಎಂದಳು ಹನುಮತ್ತೆ.

"ಇಲ್ಲೇ, ಮರದ ಹಿಂದೆ. ನಿನ್ ಗಾಡೀನೂ ಇಲ್ಲಿ ತಳ್ಳು. ಒಳಗೆ ಕೋಲು ಕಂಡ್ರೆ, ಗಾಡಿ ಕಂಡ್ರೆ, ಹೆಸರೇ ಹೊಡೆದಾಕ್ತಾರಂತೆ ಕಣವ್ವ!"

ಮುತ್ತಿ ಓಡಿ ಹೋಗಿ ಮರದ ಹಿಂದೆ ನೋಡಿದಳು. ಅಲ್ಲೊಂದು ರಾಶಿಯೇ ಇತ್ತು. ಊರುಗೋಲುಗಳು, ಬಿದಿರ ಕೋಲುಗಳು, ಚರ್ಮದ ಪಟ್ಟಿ ಹಾಕಿದ ಕಬ್ಬಿಣದ ಕಾಲು, ದಪ್ಪ ಗಾಜಿನ ಒಂದು ಕನ್ನಡಕ. ಎಲ್ಲವನ್ನೂ ಒಂದು ಗೋಣಿಚೀಲದಿಂದ ಮುಚ್ಚಿದ್ದರು. ಮುಚ್ಚಿದರೂ ಕೋಲುಗಳ ತುದಿ ಮುಳ್ಳುಹಂದಿಯ ಮುಳ್ಳಿನ ಹಾಗೆ ಹೊರಗೆ ಚಾಚಿದ್ದವು.

ಇವತ್ತು ಅರಸೀಕೆರೆಯಲ್ಲಿ ಕ್ಯಾಂಪು. ಒಂದು ಹಳೇ ಶಾಲೆಯ ಕಟ್ಟಡದಲ್ಲಿ ನಡೆಯುತ್ತಿತ್ತು. ಅಂಗವಿಕಲರಿಗೆ ಸರ್ಕಾರ ಪ್ರತಿ ತಿಂಗಳೂ ಸ್ವಲ್ಪ ದುಡ್ಡು ಕೊಡುತ್ತಿತ್ತು. ಇಷ್ಟು ದಿನ ಪೋಸ್ಟ್‌ಮನ್ ಹಾರನಹಳ್ಳಿಗೇ ಬಂದು, ಜಗಲಿಯ ಮೇಲೆ ಕೂತು, ಒಂದು ಲೋಟ ಮಜ್ಜಿಗೆ ಕುಡಿದು, ಹನುಮತ್ತೆಯ ಕೈಗೆ ಮನಿ ಆರ್ಡರ್ ಕೊಟ್ಟು ಹೋಗುತ್ತಿದ್ದ. ಇನ್ನು ಮೇಲೆ ಹಾಗಲ್ಲವಂತೆ. ಹೊಸ ಪದ್ಧತಿ ಬಂದಿದೆಯಂತೆ. ಹೊಸ ಕಾರ್ಡು, ಹೊಸ ಪಾಸ್‌ಬುಕ್ಕು. ಹಳಬರೆಲ್ಲ ಮತ್ತೆ ಡಾಕ್ಟರ ಮುಂದೆ ಹಾಜರಾಗಿ ಹೆಸರು ಬರೆಸಬೇಕು. ಬರೆಸದವರಿಗೆ ಮುಂದಿನ ತಿಂಗಳಿಂದ ದುಡ್ಡು ಇಲ್ಲ.

ಆ ದುಡ್ಡು ಬಂದರೆ ಹನುಮತ್ತೆ ತೆಂಗಿನ ಸಿಪ್ಪೆ ಕೊಳ್ಳುತ್ತಿದ್ದಳು. ಸಿಪ್ಪೆ ಕೆರೆಯಲ್ಲಿ ನೆನೆದು, ಬಡಿಸಿಕೊಂಡು, ನಾರಾಗಿ, ಅವಳ ಅಂಗೈಯಲ್ಲಿ ಹಗ್ಗವಾಗುತ್ತಿತ್ತು. ದುಡ್ಡು ನಿಂತರೆ ಸಿಪ್ಪೆ ಇಲ್ಲ, ನಾರಿಲ್ಲ, ಹಗ್ಗ ಇಲ್ಲ. ಅತ್ತೆ ಬಾಗಿಲ ಬಳಿ ಸುಮ್ಮನೆ ಕೂತಿರಬೇಕು. ಅತ್ತೆ ಸುಮ್ಮನೆ ಕೂತಿದ್ದನ್ನು ಮುತ್ತಿ ಹುಟ್ಟಿದ ಮೇಲೆ ನೋಡಿಯೇ ಇರಲಿಲ್ಲ.

"ಯಾರ್ ಹೇಳಿದ್ರು ನಿಂಗೆ, ಹೆಸರು ಹೊಡೆದಾಕ್ತಾರೆ ಅಂತ?" ಅತ್ತೆ ಕೇಳಿದಳು.

"ಎಲ್ರೂ ಅಂತಾರೆ. ಆ ಕಡೆ ಯಾವುದೋ ಊರಾಗೆ ಒಬ್ಬನ್ನ ಕೇಳಿದ್ರಂತೆ. ಕೋಲು ಹಿಡ್ಕೊಂಡು ಜುಮ್ ಅಂತ ನಡೀತೀಯಲ್ಲ, ನಿಂಗ್ಯಾಕಯ್ಯ ದುಡ್ಡು ಅಂತ. ಅಲ್ಲೇ ಗೆರೆ ಎಳೆದುಬಿಟ್ರಂತೆ!"

"ಯಾವೂರು? ಯಾರು?"

"ಯಾರೋ. ಒಬ್ಬನಂತೆ."

"ಅಂತೆ ಕಂತೆ ಸಂತೆ!" ಅತ್ತೆ ಮೂಗು ಮುರಿದಳು. "ನನ್ನ ಗಾಡಿ ನನ್ನ ಕಾಲು. ಯಾರಾದ್ರೂ ಕಾಲು ಮನೇಲಿ ಬಿಟ್ಟು ಬತ್ತಾರಾ?"

ಆದರೆ ಮುತ್ತಿಯ ಅಪ್ಪ ದ್ಯಾವಯ್ಯನ ಮುಖ ಆಗಲೇ ಬಾಡಿತ್ತು. ಮನೆ ಬಿಡುವಾಗ ಪಕ್ಕದ ಮನೆ ಹುಚ್ಚಮ್ಮನೂ ಇಂಥದ್ದೇ ಹೇಳಿದ್ದಳು. "ಹರಕಲು ಸೀರೆ ಉಡು ಹನುಮಿ, ತಲೆಗೆ ಎಣ್ಣೆ ಹಚ್ಚಬ್ಯಾಡ, ಅವರ ಮುಂದೆ ಒಂದು ಚೂರು ಅಳು" ಎಂದು. ಅತ್ತೆ ಮಾತು ಕೇಳಿರಲಿಲ್ಲ. ಹಬ್ಬಕ್ಕೆ ಉಡುವ ಹಸಿರು ಸೀರೆ ಉಟ್ಟು, ಕನಕಾಂಬರ ಮುಡಿದು ಹೊರಟಿದ್ದಳು. "ದುಡ್ಡು ಕೇಳೋಕೆ ಹೋಯ್ತಿರೋದು, ಸಾವಿನ ಮನೆಗಲ್ಲ" ಎಂದಿದ್ದಳು.

"ಅಕ್ಕಾ," ದ್ಯಾವಯ್ಯ ಮೆಲ್ಲಗೆ ಹೇಳಿದ, "ಒಂದು ಗಳಿಗೆ ಅಲ್ವಾ? ನಾನು ಹೊತ್ಕೊಂಡು ಹೋಯ್ತೀನಿ."

"ನಾನೇನು ಅಕ್ಕಿ ಮೂಟೆನೇನೋ?"

"ಅತ್ತೆ, ಬಚ್ಚಿಡಾನ ಅತ್ತೆ." ಈ ಸಲ ಮಾತಾಡಿದ್ದು ಮುತ್ತಿ. "ನಾನು ಇಲ್ಲೇ ಕಾಯ್ತೀನಿ. ಯಾರೂ ಮುಟ್ಟಕ್ಕೆ ಬಿಡಲ್ಲ."

ಹನುಮತ್ತೆ ಮುತ್ತಿಯನ್ನೇ ನೋಡಿದಳು.  ಆಮೇಲೆ ಕೈಯಲ್ಲಿದ್ದ ಎರಡು ಮರದ ಹಿಡಿಗಳನ್ನು ಗಾಡಿಯ ಮೇಲಿಟ್ಟಳು.

"ಆಯ್ತು. ಮಗೀಗೋಸ್ಕರ. ಹೂ ಮಾತ್ರ ತೆಗಿಯಲ್ಲ."

ದ್ಯಾವಯ್ಯ ಬಗ್ಗಿದ. ಅತ್ತೆ ಅವನ ಬೆನ್ನೇರಿದಳು. ಅವಳ ಸಣಕಲು ಕಾಲುಗಳು ಎರಡು ಹಗ್ಗದ ತುಂಡಿನ ಹಾಗೆ ತೂಗಾಡಿದವು. ಗಾಡಿಯ ಮೇಲೆ ಮಹಾರಾಣಿಯಂತೆ ಕಾಣುತ್ತಿದ್ದ ಅತ್ತೆ ಅಪ್ಪನ ಬೆನ್ನ ಮೇಲೆ ಎಷ್ಟು ಚಿಕ್ಕವಳಾದಳು! ಮುತ್ತಿಗೆ ನೋಡಲಾಗಲಿಲ್ಲ. ಗಾಡಿಯನ್ನು ಎಳೆದುಕೊಂಡು ಮರದ ಹಿಂದೆ ಹೋದಳು.

ಆ ಗಾಡಿಯನ್ನು ಮಾಡಿದ್ದು ಅತ್ತೆಯೇ. ಹಲಸಿನ ಹಲಗೆ, ಲಾರಿ ಗ್ಯಾರೇಜಿನಿಂದ ಕಾಡಿ ಬೇಡಿ ತಂದ ನಾಲ್ಕು ಬೇರಿಂಗು, ಕೂರಲು ತೆಂಗಿನ ನಾರಿನಲ್ಲಿ ನೇಯ್ದ ಮೆತ್ತನೆಯ ಆಸನ. ಕೈಹಿಡಿಗಳಿಂದ ನೆಲ ತಳ್ಳಿದರೆ ಗಾಡಿ ಗರಗರ ಗರಗರ ಎಂದು ಓಡುತ್ತಿತ್ತು. ಎಷ್ಟು ಸದ್ದು ಎಂದರೆ, ಅತ್ತೆ ಬೀದಿಯ ಆ ತುದಿಯಲ್ಲಿದ್ದಾಗಲೇ ಈ ತುದಿಯ ಕೋಳಿಗಳು ದಾರಿ ಬಿಡುತ್ತಿದ್ದವು.

ಆ ಸದ್ದೇ ಮುತ್ತಿಗೆ ಆಗುತ್ತಿರಲಿಲ್ಲ.

"ಮುತ್ತೀ, ನಿಮ್ಮತ್ತೆ ರೈಲು ಬಂತು ಕಣೇ! ಕೂ... ಅರಸೀಕೆರೆ ಜಂಕ್ಷನ್!" ಎಂದು ಕ್ಲಾಸಿನ ಹುಡುಗರು ಕೂಗುತ್ತಿದ್ದರು. ಅದಕ್ಕೇ ಮುತ್ತಿ ಒಂದು ಉಪಾಯ ಮಾಡಿದ್ದಳು. ಅತ್ತೆಯ ಜೊತೆ ಹೊರಟರೆ ಹತ್ತು ಹೆಜ್ಜೆ ಹಿಂದೆ ನಡೆಯುವುದು. ಪೇಟೆ ಬೀದಿ ಬಂದರೆ, "ಅತ್ತೆ, ಕೆರೆ ಹಿಂದಿನ ದಾರೀಲಿ ಹೋಗಾನ, ಅಲ್ಲಿ ನೆಳ್ಳು ಐತೆ" ಎನ್ನುವುದು. ಅತ್ತೆ ಯಾಕೆ ಎಂದು ಒಂದು ದಿನವೂ ಕೇಳಿರಲಿಲ್ಲ. "ಆಯ್ತು ನಡಿ, ನೆಳ್ಳಾಗೇ ಹೋಗಾನ" ಎಂದು ಸುಮ್ಮನೆ ಗಾಡಿ ತಿರುಗಿಸುತ್ತಿದ್ದಳು.

ಈಗ ಗಾಡಿಗೆ ಗೋಣಿಚೀಲ ಹೊದಿಸುವಾಗ ಮುತ್ತಿಯ ಎದೆಯ ಮೂಲೆಯಲ್ಲಿ ಒಂದು ಸಣ್ಣ ಖುಷಿ ಮಿಸುಕಿತು. ಇವತ್ತು ಯಾರೂ ಸದ್ದು ಕೇಳುವುದಿಲ್ಲ, ಯಾರೂ ತಿರುಗಿ ನೋಡುವುದಿಲ್ಲ. ಆ ಖುಷಿ ಯಾಕೋ ಚಪ್ಪಲಿಯೊಳಗೆ ಹೊಕ್ಕ ಮುಳ್ಳಿನ ಹಾಗೆ ಚುಚ್ಚಿತು.

ಹೊಂಗೆ ಮರದ ಪಕ್ಕದಲ್ಲೇ ಒಂದು ಕಿಟಕಿ. ಒಳಗೆ ಗುಮಾಸ್ತರ ಮೇಜು. ಅವರ ಹೆಸರು ಷಡಕ್ಷರಪ್ಪ ಎಂದು ಬಾಗಿಲ ಜವಾನ ಕೂಗಿ ಕೂಗಿ ಎಲ್ಲರಿಗೂ ಗೊತ್ತಾಗಿತ್ತು. ಅವರ ಬೆನ್ನು ಕಿಟಕಿಯ ಕಡೆಗಿತ್ತು. ಮುತ್ತಿ ತುದಿಗಾಲಲ್ಲಿ ನಿಂತರೆ ಅವರ ಭುಜದ ಮೇಲಿಂದ ದೊಡ್ಡ ರಿಜಿಸ್ಟರ್ ಕಾಣುತ್ತಿತ್ತು. ಪಕ್ಕದಲ್ಲಿ ಶಾಯಿ ದೌತಿ, ಇನ್ನೊಂದು ಪಕ್ಕ ಗುಂಡನೆಯ ಸೀಲು.

ಹನುಮತ್ತೆ ಹಗ್ಗ ಹೊಸೆಯುತ್ತ ಕತೆ ಹೇಳುತ್ತಿದ್ದಳು. ಏಳು ಕಡಲಿನಾಚೆ ಒಂದು ಗುಹೆ, ಗುಹೆಯಲ್ಲಿ ಪಂಜರ, ಪಂಜರದಲ್ಲಿ ಗಿಳಿ, ಗಿಳಿಯೊಳಗೆ ರಾಕ್ಷಸನ ಜೀವ. ಸರ್ಕಾರದ ಜೀವ ಇದ್ದರೆ ಈ ಗುಂಡು ಸೀಲಿನಲ್ಲೇ ಇರಬೇಕು ಎಂದುಕೊಂಡಳು ಮುತ್ತಿ. ಅದು ಕಾಗದದ ಮೇಲೆ ಬಿದ್ದರೆ ಹಗ್ಗ, ಸಿಪ್ಪೆ, ನಾರು ಎಲ್ಲ ಬದುಕುತ್ತವೆ. ಬೀಳದಿದ್ದರೆ...

"ಕರಿಯಯ್ಯ! ಯಾರಯ್ಯ ಕರಿಯಯ್ಯ?"

ಕರಿಯಯ್ಯ ಗೋಡೆ ಹಿಡಿದು ಕುಪ್ಪಳಿಸುತ್ತ ಒಳಗೆ ಬಂದ. ಎರಡು ಸಲ ಮುಗ್ಗರಿಸಿದ. ಹಣೆಯ ಮೇಲೆ ಬೆವರು ಇಳಿಯುತ್ತಿತ್ತು.

"ಊರುಗೋಲು, ಗಾಡಿ, ಅಂಥದ್ದೇನಾದ್ರೂ ಆಸರೆ ಇದೆಯೇನಯ್ಯ?" ಷಡಕ್ಷರಪ್ಪ ತಲೆ ಎತ್ತದೆ ಕೇಳಿದರು.

"ಏನೂ ಇಲ್ಲ ಸ್ವಾಮಿ! ದೇವರಾಣೆಗೂ ಏನೂ ಇಲ್ಲ!"

ಪೆನ್ನು ಸರಸರ ಓಡಿತು. ಮುತ್ತಿ ಐದನೇ ಕ್ಲಾಸು. ತಮ್ಮ ಸ್ಕೂಲು ಮೇಷ್ಟ್ರ ಕೋಳಿ ಕಾಲಿನ ಅಕ್ಷರವನ್ನೇ ಓದಿ ಪಳಗಿದವಳು. ಗುಮಾಸ್ತರ ಬರಹ ಮುತ್ತು ಪೋಣಿಸಿದ ಹಾಗಿತ್ತು. ಅವಳು ತುಟಿ ಅಲ್ಲಾಡಿಸುತ್ತ ಓದಿದಳು.

'ಆಸರೆಯಿಲ್ಲದೆ ನಡೆಯುತ್ತಾರೆ.'

ಮುತ್ತಿ ಕಣ್ಣುಜ್ಜಿಕೊಂಡು ಮತ್ತೆ ಓದಿದಳು. ಅದೇ ಇತ್ತು.

ಮುಂದೆ ಬಂದವನು ಮುದುಕ ಗಿಡ್ಡಯ್ಯ. ಅವನಿಗೆ ಬೆಳಕು, ಕತ್ತಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಬಿದಿರ ಕೋಲನ್ನು ಮರದ ಹಿಂದೆ ಬಿಟ್ಟು ಬಂದಿದ್ದರಿಂದ ಬಾಗಿಲ ಕಂಬಕ್ಕೆ ಢಿಕ್ಕಿ ಹೊಡೆದು, "ತಪ್ಪಾಯ್ತು ಸ್ವಾಮಿ" ಎಂದು ಕಂಬಕ್ಕೇ ಕೈ ಮುಗಿದ. ಕೋಲು ಇದೆಯಾ ಎಂದರೆ ಅವನೂ ಇಲ್ಲ ಎಂದ. ಪೆನ್ನು ಮತ್ತೆ ಅದನ್ನೇ ಬರೆಯಿತು. 'ಆಸರೆಯಿಲ್ಲದೆ ನಡೆಯುತ್ತಾರೆ.'

 ದುಡ್ಡು ಹೋದೀತು ಎಂದು ಇವರೆಲ್ಲ ಕೋಲು ಬಚ್ಚಿಟ್ಟರೆ, ರಿಜಿಸ್ಟರಿನಲ್ಲಿ ಎಲ್ಲರೂ ಕೋಲಿಲ್ಲದೆ ನಡೆಯುವ ಗಟ್ಟಿಗರಾಗುತ್ತಿದ್ದಾರೆ! ಹೊಸ ಕಾರ್ಡು ಬರುವುದಾದರೂ ಹೇಗೆ?

"ಹನುಮಮ್ಮ! ಹಾರನಹಳ್ಳಿ ಹನುಮಮ್ಮ!"

ಅಪ್ಪ ಅತ್ತೆಯನ್ನು ಹೊತ್ತು ತಂದು ನೆಲದ ಮೇಲೆ ಇಳಿಸಿದ. ಅತ್ತೆ ಸೆರಗು ಸರಿ ಮಾಡಿಕೊಂಡಳು. ನೆಲದಿಂದ ಅವಳಿಗೆ ಗುಮಾಸ್ತರ ಮೇಜಿನ ಕಾಲುಗಳು ಮಾತ್ರ ಕಾಣುತ್ತಿದ್ದಿರಬೇಕು.

"ಗಾಡಿಗೀಡಿ ಏನಾದ್ರೂ ಇದೆಯೇನಮ್ಮ?"

ಅತ್ತೆ ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿಬಿಟ್ಟ. "ಏನೂ ಇಲ್ಲ ಸ್ವಾಮಿ."

ಅತ್ತೆ ತುಟಿ ಕಚ್ಚಿಕೊಂಡಳು. ಷಡಕ್ಷರಪ್ಪ ಪೆನ್ನನ್ನು ದೌತಿಗೆ ಅದ್ದಿದರು.

"ಬರೀಬ್ಯಾಡಿ!"

ಕಿಟಕಿಯ ಸರಳು ಹಿಡಿದು ಮುತ್ತಿ ಕಿರುಚಿದಳು. ಷಡಕ್ಷರಪ್ಪ ಬೆಚ್ಚಿಬಿದ್ದರು. ಪೆನ್ನಿನಿಂದ ಒಂದು ಹನಿ ಶಾಯಿ ರಿಜಿಸ್ಟರಿನ ಮೇಲೆ ಪಟ್ ಎಂದು ಬಿತ್ತು.

"ಏಯ್! ಯಾರೇ ಅದು?"

ಮುತ್ತಿ ಅಲ್ಲಿದ್ದರೆ ತಾನೇ! ಗೋಣಿಚೀಲ ಕಿತ್ತೆಸೆದು, ಗಾಡಿಯ ಮುಂದಿನ ಹಗ್ಗ ಹಿಡಿದು ಎಳೆದಳು. ಗರಗರ ಗರಗರ! ಅಂಗಳದ ಚಪ್ಪಡಿ ಕಲ್ಲಿನ ಮೇಲೆ ಆ ಸದ್ದು ಹಾರನಹಳ್ಳಿಗಿಂತ ಎರಡರಷ್ಟಾಯಿತು. ಸಾಲಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಟೀ ಅಂಗಡಿಯವನು ಇಣುಕಿದ. ಗೇಟಿನ ಆಚೆ ಸ್ಕೂಲು ಹುಡುಗರ ಒಂದು ಗುಂಪೇ ನಿಂತು ನೋಡಿತು. ಮುತ್ತಿಯ ಕಿವಿ ಕೆಂಡದ ಹಾಗೆ ಕಾದವು. ಆದರೂ ನಿಲ್ಲಲಿಲ್ಲ.

"ಹಿಡ್ಕೊಳ್ರೋ ಆ ಹುಡುಗೀನ!" ಜವಾನ ಕೂಗಿದ. ಹಿಡಿಯುವಷ್ಟು ಬೇಗ ಅಲ್ಲಿದ್ದವರಲ್ಲಿ ಯಾರು ಏಳಬಲ್ಲರು?

ಮೂರು ಮೆಟ್ಟಿಲು. ಧಡ್, ಧಡ್, ಧಡ್. ಗಾಡಿ ಬಂದು ಅತ್ತೆಯ ಮುಂದೆ ನಿಂತಿತು.

"ಅತ್ತೆ, ಅವರು ಆಸರೆಯಿಲ್ಲದೆ ನಡೀತಾರೆ ಅಂತ ಬರೀತಾವ್ರೆ!" ಮುತ್ತಿ ಏದುಸಿರು ಬಿಡುತ್ತ ಹೇಳಿದಳು. "ಕರಿಯಯ್ಯಂಗೂ ಹಂಗೇ ಬರೆದ್ರು. ಗಿಡ್ಡಯ್ಯಂಗೂ ಹಂಗೇ ಬರೆದ್ರು. ನಾನೇ ಓದಿದೆ!"

 ಕರಿಯಯ್ಯ ಗೋಡೆಯ ಬಳಿಯಿಂದ "ಆಂ? ನಾನು ನಡೀತೀನಾ? ಹೆಂಗೆ, ಗಾಳಿಯಾಗಾ?" ಎಂದ.

"ನೀನೇ ತಾನೇ ಕೋಲಿಲ್ಲ ಅಂದಿದ್ದು?" ಷಡಕ್ಷರಪ್ಪ ರೇಗಿದರು. "ಕೇಳಿದ್ದನ್ನ ಬರಿಯೋದು ನನ್ನ ಕೆಲಸ. ಕೋಲಿಲ್ಲ, ಒಳಗೆ ಬಂದಿದೀಯ. ಇನ್ನೇನು ಬರೀಲಿ, ಹಾರ್ಕೊಂಡು ಬಂದ ಅಂತಲಾ?"

ಹನುಮತ್ತೆ ಎರಡೂ ಕೈ ಊರಿ ಒಂದೇ ಜಿಗಿತಕ್ಕೆ ಗಾಡಿ ಏರಿದಳು. ಹಿಡಿಗಳನ್ನು ತೆಗೆದುಕೊಂಡಳು. ಗರ್ ಎಂದು ಮೇಜಿನ ಹತ್ತಿರಕ್ಕೆ ಬಂದಳು. ಅವಳು ಈಗ ಮೊದಲಿನ ಹನುಮತ್ತೆಯಾಗಿದ್ದಳು.

"ಬರ್ಕೊಳ್ಳಿ ಸ್ವಾಮಿ. ಗಾಡಿ ಐತೆ. ನಾನೇ ಮಾಡಿದ್ದು. ಹಾರನಹಳ್ಳಿಯಿಂದ ಬಸ್ಸಿನ ಟಾಪಿನ ಮೇಲೆ ಬಂದೈತೆ."

ಷಡಕ್ಷರಪ್ಪ ಗಾಡಿ ನೋಡಿದರು, ಹೂ ನೋಡಿದರು, ಹಸಿರು ಸೀರೆ ನೋಡಿದರು. "ನೀನೇ ಗಾಡಿ ಮಾಡ್ತೀಯ, ಓಡಿಸ್ತೀಯ. ಕೆಲಸ ಏನು ಮಾಡ್ತೀಯಮ್ಮ?"

ಅಪ್ಪ ಬೇಡ ಬೇಡ ಎಂದು ಕಣ್ಣಲ್ಲೇ ಹೇಳಿದ. ಅತ್ತೆ ಅತ್ತ ನೋಡಲೇ ಇಲ್ಲ.

"ಹಗ್ಗ ಹೊಸೀತೀನಿ."

"ಮತ್ತೆ? ಇಷ್ಟೆಲ್ಲ ಆಗುತ್ತೆ ಅಂದಮೇಲೆ ಸರ್ಕಾರದ ದುಡ್ಡು ಯಾಕೆ?"

 ಕರಿಯಯ್ಯ ಹೇಳಿದ್ದ ಮಾತೇ ಬಂದುಬಿಟ್ಟಿತು. ಅಂತೆಯೂ ಅಲ್ಲ, ಕಂತೆಯೂ ಅಲ್ಲ. ಎದುರಿಗೇ ಬಂದಿತು.

ಹನುಮತ್ತೆ ಕತ್ತೆತ್ತಿದಳು. "ನಿಮಗೆ ಕುರ್ಚಿ ಐತೆ ಸ್ವಾಮಿ. ಮೇಜು ಐತೆ. ಮೇಲೆ ಫ್ಯಾನೂ ಐತೆ. ಕುರ್ಚಿ ಕೊಟ್ಟವ್ರೆ, ಇನ್ನು ಸಂಬಳ ಬ್ಯಾಡ ಅಂದ್ರಾ ನೀವು?"

ಸಾಲಿನಲ್ಲಿದ್ದ ಯಾರೋ ಕಿಸಕ್ಕೆಂದರು. ಜವಾನ ಬಾಯಿಗೆ ಟವೆಲ್ಲು ಒತ್ತಿಕೊಂಡ. ಷಡಕ್ಷರಪ್ಪನವರ ಮುಖ ಕೆಂಪಾಯಿತು.

"ಗಾಡಿ ಇರೋದಕ್ಕೆ ಬಂದೆ," ಅತ್ತೆ ಹೇಳಿದಳು. "ಇಲ್ದಿದ್ರೆ ಮನೇಲಿ ಬಿದ್ದಿರ್ತಿದ್ದೆ. ಗಾಡಿ ಐತೆ ಅಂತ ಕಾಲು ಬಂದುಬಿಡ್ತಾ? ಮುಟ್ಟಿ ನೋಡಿ. ನನ್ನ ಅಂಗೈನೂ ಮುಟ್ಟಿ ನೋಡಿ. ದಿನವೆಲ್ಲ ಹೊಸೆದ್ರೂ ಒಂದು ಹೊತ್ತಿನ ಮುದ್ದೆಗೆ ಸಾಲದು. ಇರೋದನ್ನ ಇದ್ದಂಗೆ ಬರೀರಿ. ಅಷ್ಟೇ ಕೇಳ್ತಿರೋದು."

ಗದ್ದಲ ಕೇಳಿ ಒಳಗಿನ ಕೋಣೆಯಿಂದ ಡಾಕ್ಟರಮ್ಮ ಬಂದರು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಕತ್ತಿನಲ್ಲಿ ಸ್ಟೆತಾಸ್ಕೋಪು. ಅವರು ರಿಜಿಸ್ಟರ್ ತೆಗೆದುಕೊಂಡು ಮೊದಲಿನಿಂದ ಓದಿದರು.

"ಅದಕ್ಕೇ ನಾನು ಅಂದ್ಕೊಂಡೆ. ಬೆಳಗ್ಗಿಂದ ಹದಿನಾಲ್ಕು ಜನ ಬಂದ್ರು, ಒಬ್ಬರ ಹತ್ರಾನೂ ಒಂದು ಕೋಲಿಲ್ವಲ್ಲ ಅಂತ! ಎಲ್ಲಿ ಹೋದವು ಎಲ್ಲ?"

 ಎಲ್ಲರೂ ಮುತ್ತಿಯನ್ನು ನೋಡಿದರು.

"ಹೊಂಗೆ ಮರದ ಹಿಂದೆ," ಎಂದಳು ಮುತ್ತಿ.

ಆಮೇಲೆ ನಡೆದದ್ದನ್ನು ನೋಡಬೇಕಿತ್ತು! ಮುತ್ತಿ ಎರಡೂ ತೋಳು ತುಂಬ ಕೋಲು ಅವುಚಿಕೊಂಡು ಓಡಿ ಬಂದಳು. ಮತ್ತೆ ಹೋದಳು, ಮತ್ತೆ ಬಂದಳು. "ನಂದು ಕೆಂಪು ದಾರ ಕಟ್ಟಿರೋದು ಕಣವ್ವ!" "ಏಯ್, ಅದು ನನ್ನ ಕಾಲು, ನಂಗೆ ಕೊಡಿಲ್ಲಿ!" ಕರಿಯಯ್ಯ ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿ, ಟಕ್ ಟಕ್ ಎಂದು ಕೋಣೆ ತುಂಬ ಒಂದು ಸುತ್ತು ಬಂದ. ಊರಿಗೆ ಬಂದ ನೆಂಟನನ್ನು ಅಪ್ಪಿಕೊಂಡ ಹಾಗಿತ್ತು ಅವನ ಮುಖ. ಗಿಡ್ಡಯ್ಯ ಕೋಲಿನಿಂದ ಬಾಗಿಲ ಕಂಬವನ್ನು ಮೆಲ್ಲಗೆ ತಟ್ಟಿ, "ಓಹೋ, ನೀನಾ ಅವಾಗ ಗುದ್ದಿದ್ದು" ಎಂದ.

"ಹದಿನಾಲ್ಕು ಸಾಲು ಹೊಡೆದು ಮತ್ತೆ ಬರೀಬೇಕಲ್ಲಪ್ಪ!" ಷಡಕ್ಷರಪ್ಪ ತಲೆ ಮೇಲೆ ಕೈ ಹೊತ್ತರು.

"ಬರೀರಿ ಸ್ವಾಮಿ. ನಾವೆಲ್ಲೂ ಓಡಿ ಹೋಗಲ್ಲ," ಎಂದಳು ಹನುಮತ್ತೆ. ಈ ಸಲ ಷಡಕ್ಷರಪ್ಪನವರಿಗೂ ನಗು ತಡೆಯಲಾಗಲಿಲ್ಲ.

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. "ಬರೆದದ್ದನ್ನ ನಮ್ಮ ಹುಡುಗಿ ಓದಿ ಹೇಳ್ಬೇಕು. ಆಮೇಲೇ ನಾವು ಹೆಬ್ಬೆಟ್ಟು ಒತ್ತೋದು" ಎಂದಳು. ಷಡಕ್ಷರಪ್ಪ ಡಾಕ್ಟರಮ್ಮನ ಮುಖ ನೋಡಿದರು. ಡಾಕ್ಟರಮ್ಮ ಒಂದು ಸ್ಟೂಲು ಎಳೆದು ಮುತ್ತಿಗೆ ಕೊಟ್ಟರು.

ಮುತ್ತಿ ಸ್ಟೂಲಿನ ಮೇಲೆ ನಿಂತು, ಪಾಠ ಓದುವ ಹಾಗೆ ಗಟ್ಟಿಯಾಗಿ ಒಬ್ಬೊಬ್ಬರದೂ ಓದಿದಳು. ಅವರವರ ಹೆಸರು ಬಂದಾಗ ಅವರವರು "ಹೂಂ, ಸರಿ" ಎಂದು ಹೆಬ್ಬೆಟ್ಟು ಚಾಚಿದರು. ಗಿಡ್ಡಯ್ಯನ ಸಾಲಿನ ಕೊನೆಗೆ, ಕಣ್ಣಿನ ಪರೀಕ್ಷೆಗೆ ಹಾಸನಕ್ಕೆ ಹೋಗಬೇಕು ಎಂದು ಬರೆದಿತ್ತು. ಅವನಿಗೆ ಇವತ್ತು ಸೀಲು ಬೀಳಲಿಲ್ಲ.

"ಹಾಸನ ಯಾಕೆ, ದಿಲ್ಲಿಗೆ ಬೇಕಾದ್ರೂ ಹೋಯ್ತೀನಿ. ಈ ಸಲ ಕೋಲು ಬಿಟ್ಟು ಹೋಗಲ್ಲ," ಎಂದ ಗಿಡ್ಡಯ್ಯ. ಹೇಳುತ್ತ ಕೋಲನ್ನು ಎದೆಗೆ ಅವುಚಿಕೊಂಡ. ಹನುಮತ್ತೆ ಗಾಡಿಯಿಂದಲೇ ಕೈ ಚಾಚಿ ಅವನ ಪಂಚೆಯ ಅಂಚು ಜಗ್ಗಿದಳು. "ಯಾವಾಗ ಹೋಗೋದು ಹೇಳಿ ಕಳಿಸಣ್ಣ, ನಾನೂ ಜೊತೆಗೆ ಬತ್ತೀನಿ."

ಕೊನೆಯದು ಹನುಮತ್ತೆಯದು. ಮುತ್ತಿ ಓದಿದಳು.

"ಹನುಮಮ್ಮ, ಹಾರನಹಳ್ಳಿ. ಎದ್ದು ನಡೆಯಲಾರರು. ತಾವೇ ಮಾಡಿದ ಗಾಡಿಯಲ್ಲಿ ಬಂದಿದ್ದಾರೆ."

ನಡೆಯಲಾಗದ್ದು, ಗಾಡಿ ಮಾಡಿದ್ದು, ಎರಡೂ ಒಂದೇ ಸಾಲಿನಲ್ಲಿದ್ದವು. ಮುತ್ತಿ ಮನಸ್ಸಿನಲ್ಲೇ ಇನ್ನೊಂದು ಸಲ ಓದಿಕೊಂಡಳು.

ಡಾಕ್ಟರಮ್ಮ ಸಹಿ ಹಾಕಿದರು. ಗುಂಡು ಸೀಲು ಮೇಲೆ ಹೋಯಿತು.  ಧಪ್! ಕಾಗದದ ಮೇಲೆ ನೇರಳೆ ಬಣ್ಣದ ಚಂದಿರ ಮೂಡಿದ.

ಹೊರಗೆ ಬರುವಾಗ ಬಿಸಿಲು ನೆತ್ತಿಗೇರಿತ್ತು. ದೂರದಲ್ಲಿ ಸ್ಟೇಷನ್ನಿನ ಕಡೆ ರೈಲೊಂದು ಕೂ ಎಂದಿತು. ಅಪ್ಪ ಬಸ್ಸಿನ ಹೊತ್ತು ಕೇಳಲು ಮುಂದೆ ಹೋದ. ಗೇಟಿನ ಮುಂದೆ ರಸ್ತೆ ಎರಡಾಗಿ ಒಡೆದಿತ್ತು. ಒಂದು ಗೋಡೌನುಗಳ ಹಿಂದಿನ ಓಣಿ, ಮರದ ನೆರಳು, ಜನ ಇಲ್ಲ. ಇನ್ನೊಂದು ಪೇಟೆ ಬೀದಿ, ಅಂಗಡಿ, ಸೈಕಲ್ಲು, ಸ್ಕೂಲು ಬಿಟ್ಟ ಹುಡುಗರು.

ಹನುಮತ್ತೆ ತಾನಾಗಿಯೇ ಗಾಡಿಯನ್ನು ಓಣಿಯ ಕಡೆ ತಿರುಗಿಸಿದಳು.

"ಅತ್ತೆ, ಪ್ಯಾಟೆ ಬೀದೀಲಿ ಹೋಗಾನ," ಎಂದಳು ಮುತ್ತಿ.

ಅತ್ತೆ ಹಿಡಿಗಳನ್ನು ನೆಲಕ್ಕೂರಿ ನಿಂತಳು. "ಅಲ್ಲಿ ನೆಳ್ಳು ಇಲ್ವಲ್ಲೇ?"

ಅತ್ತೆ ನಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಸುಮ್ಮನೆ ನೋಡುತ್ತಿದ್ದಳು. ಮುತ್ತಿಗೆ ಆಗ ಗೊತ್ತಾಯಿತು. ಅದು ನೆರಳಿಗಲ್ಲ ಎಂದು ಅತ್ತೆಗೆ ಮೊದಲಿಂದಲೂ ಗೊತ್ತಿತ್ತು. ಕೆರೆ ಹಿಂದಿನ ದಾರಿಗೆ ಗಾಡಿ ತಿರುಗಿಸಿದ ಪ್ರತಿ ಸಲವೂ ಗೊತ್ತಿತ್ತು.

ಮುತ್ತಿ ಹತ್ತು ಹೆಜ್ಜೆ ಮುಂದೆ ಬಂದು, ಗಾಡಿಯ ಪಕ್ಕದಲ್ಲಿ ನಿಂತು, ಅತ್ತೆಯ ಜಾರಿದ ಕನಕಾಂಬರವನ್ನು ಮತ್ತೆ ಮುಡಿಗೆ ಸಿಕ್ಕಿಸಿದಳು.

ಪೇಟೆ ಬೀದಿಯ ನಟ್ಟನಡುವೆ ಗಾಡಿ ಹೊರಟಿತು. ಗರಗರ, ಗರಗರ. ಬೀದಿಯ ಆ ತುದಿಯಲ್ಲಿ ಒಂದು ಕೋಳಿ ಆಗಲೇ ದಾರಿ ಬಿಟ್ಟಿತು.